ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್: ತಾಪಕ್ಕೆ ನಂಬಿಕೆಯ ಅಳತೆಗೋಲು ಕೊಟ್ಟ ಕುಶಲಕರ್ಮಿ

ಪತ್ರಿಕೆಯ ಹವಾಮಾನ ಅಂಕಣದಲ್ಲಿ ಗರಿಷ್ಠ ತಾಪಮಾನ 34 ಡಿಗ್ರಿ ಎಂದಿದ್ದರೆ ಮುಂಬಯಿ, ಚೆನ್ನೈಗಳ ನಮ್ಮ ಮನೆಗಳಲ್ಲಿ ಸೆಕೆಯೆಂದು ಗೊಣಗಿ ಫ್ಯಾನಿನ ವೇಗವನ್ನು ಹೆಚ್ಚಿಸುತ್ತೇವೆ. ಅದೇ ಮನೆಯಲ್ಲಿ ಮಗುವಿನ ಬಾಯಿಯಿಂದ ತೆಗೆದ ಥರ್ಮಾಮೀಟರು 101 ಎಂದು ತೋರಿಸಿದರೆ ವೈದ್ಯರಿಗೆ ದೂರವಾಣಿ ಹೋಗುತ್ತದೆ. ಹೊರಗಿನ ಗಾಳಿಗೆ ಒಂದು ಲೆಕ್ಕ, ಒಳಗಿನ ಜ್ವರಕ್ಕೆ ಇನ್ನೊಂದು ಲೆಕ್ಕ. ಈ ಎರಡರ ನಡುವೆ ಯಾವ ತೊಡಕೂ ಇಲ್ಲದೆ ನಾವು ಬಾಳುತ್ತಿದ್ದೇವೆ. ಅಮೆರಿಕದಲ್ಲಿ ನೆಲೆಸಿದ ಮಗಳು ಇವತ್ತು ಇಲ್ಲಿ 90 ಡಿಗ್ರಿ ಬಿಸಿಲು ಎಂದಾಗ ಮಾತ್ರ ಮನೆಯ ಹಿರಿಯರು ಒಂದು ಕ್ಷಣ ಬೆಚ್ಚಿ, ಬಳಿಕ ಅದು ನಮ್ಮ 32 ಡಿಗ್ರಿಯೇ ಎಂದು ತಿಳಿದು ಸಮಾಧಾನಗೊಳ್ಳುತ್ತಾರೆ.

ಈ ಜ್ವರದ ಲೆಕ್ಕಕ್ಕೆ ತನ್ನ ಹೆಸರನ್ನು ಬಿಟ್ಟುಹೋದವನು ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್. ಹೆಸರು ಮನೆಮನೆಯಲ್ಲಿದೆ, ಮನುಷ್ಯನ ಪರಿಚಯ ಕಡಿಮೆ. ನೀರು ಹೆಪ್ಪುಗಟ್ಟುವುದಕ್ಕೆ 32, ಕುದಿಯುವುದಕ್ಕೆ 212 ಎಂಬ ವಿಚಿತ್ರ ಅಂಕಿಗಳನ್ನು ಲೋಕಕ್ಕೆ ಹೊರಿಸಿದವನೆಂದು ಅವನನ್ನು ನೆನೆಯುವುದೇ ರೂಢಿಯಾಗಿದೆ. ನನ್ನ ಎಣಿಕೆಯಲ್ಲಿ ಅವನ ಸಾಧನೆ ಆ ಅಂಕಿಗಳಲ್ಲಿಲ್ಲ. ಎರಡು ಬೇರೆ ಬೇರೆ ಉಷ್ಣತಾಮಾಪಕಗಳು ಒಂದೇ ಸ್ಥಳದಲ್ಲಿ ಒಂದೇ ಮಾತನ್ನು ಹೇಳುವಂತೆ ಮಾಡಿ, ಅಂತಹ ಉಪಕರಣಗಳನ್ನು ಕೇಳಿದವರಿಗೆ ತಯಾರಿಸಿಕೊಟ್ಟದ್ದು ಅವನ ದೊಡ್ಡ ಕೆಲಸ. ಬ್ಯಾಂಕಿನಲ್ಲಿ ಮೂರು ದಶಕಗಳ ಕಾಲ ಎರಡು ಲೆಕ್ಕಗಳು ತಾಳೆಯಾಗುವುದನ್ನೇ ಕಾದು ಕುಳಿತ ನನ್ನಂಥವನಿಗೆ ಆ ಕೆಲಸದ ಬೆಲೆ ಸುಲಭವಾಗಿ ಅರ್ಥವಾಗುತ್ತದೆ.

ಫ್ಯಾರನ್‌ಹೀಟ್ ಜನಿಸಿದ್ದು 1686ರ ಮೇ 24ರಂದು, ಬಾಲ್ಟಿಕ್ ಸಮುದ್ರತೀರದ ಡಾನ್‌ಜಿಗ್ ಎಂಬ ಬಂದರು ಪಟ್ಟಣದಲ್ಲಿ. ಇಂದು ಅದರ ಹೆಸರು ಗ್ದಾನ್ಸ್ಕ್; ಪೋಲೆಂಡ್ ದೇಶಕ್ಕೆ ಸೇರಿದೆ. ಅಂದು ಕೂಡ ಅದು ಪೋಲೆಂಡಿನ ಅರಸನ ಛತ್ರಛಾಯೆಯಲ್ಲಿತ್ತು, ಆದರೆ ಊರಿನ ವರ್ತಕರ ಮನೆಮಾತು ಜರ್ಮನ್. ನಾಡಿನ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿ ಹೊರನಾಡಿನ ಕನ್ನಡಿಗರಾದ ನಮಗೆ ಹೊಸತೇನೂ ಅಲ್ಲ. ತಂದೆಯ ಹೆಸರೂ ಡೇನಿಯಲ್, ಅನುಕೂಲಸ್ಥ ವರ್ತಕ. ತಾಯಿ ಕಾಂಕಾರ್ಡಿಯಾ. ಬದುಕುಳಿದ ಐವರು ಮಕ್ಕಳಲ್ಲಿ ಇವನೇ ಹಿರಿಯ. ಓದಿನಲ್ಲಿ ಆಸಕ್ತಿಯಿದ್ದ ಹುಡುಗ. ಊರಿನ ಪ್ರಸಿದ್ಧ ವಿದ್ಯಾಶಾಲೆಗೆ ಸೇರುವ ಸಿದ್ಧತೆಯಲ್ಲಿದ್ದನು.

1701ರ ಆಗಸ್ಟ್ 14ರಂದು ತಂದೆತಾಯಿಯರಿಬ್ಬರೂ ವಿಷದ ಅಣಬೆಯನ್ನು ತಿಂದು ಒಂದೇ ದಿನ ತೀರಿಕೊಂಡರು. ಹುಡುಗನಿಗೆ ಆಗ 15 ವರ್ಷ. ಚಿಕ್ಕವರಾದ ನಾಲ್ವರನ್ನು ಬೇರೆ ಮನೆಗಳವರು ಸಾಕಿಕೊಂಡರು. ಹಿರಿಯ ಮಗನ ವಿದ್ಯಾಭ್ಯಾಸದ ಮಾತು ಅಲ್ಲಿಗೇ ನಿಂತಿತು. ಪೋಷಕರಾಗಿ ನೇಮಕಗೊಂಡವರು ಅವನನ್ನು ಆಮ್‌ಸ್ಟರ್‌ಡಾಮಿಗೆ ಕಳುಹಿಸಿ, ವ್ಯಾಪಾರವನ್ನೂ ಲೆಕ್ಕಪತ್ರವನ್ನೂ ಕಲಿಯಲೆಂದು ಒಬ್ಬ ವರ್ತಕನಲ್ಲಿ ನಾಲ್ಕು ವರ್ಷಗಳ ಕರಾರಿನ ಮೇಲೆ ಬಿಟ್ಟರು.

ಆಮ್‌ಸ್ಟರ್‌ಡಾಮ್ ಆ ಕಾಲದ ಯುರೋಪಿನ ವ್ಯಾಪಾರದ ಕೇಂದ್ರ. ಹಾಗೆಯೇ ಗಾಜು, ಮಸೂರ, ತಕ್ಕಡಿ, ವಾಯುಭಾರಮಾಪಕ ಮುಂತಾದವುಗಳನ್ನು ತಯಾರಿಸುವ ಕುಶಲಕರ್ಮಿಗಳ ಊರು. ಖಾತೆಪುಸ್ತಕದ ಮುಂದೆ ಕೂಡಿಸಿದ ಹುಡುಗನ ಮನಸ್ಸು ಆ ಅಂಗಡಿಗಳ ಕಡೆಗೆ ಹರಿಯಿತು. ಪ್ರಯೋಗಗಳಿಗೆ ಹಣ ಬೇಕಾಯಿತು; ಮುಂದೆ ಕೈಸೇರಬೇಕಾದ ಪಿತ್ರಾರ್ಜಿತದ ಬಲದ ಮೇಲೆ ಸಾಲ ಮಾಡಿದನು. ಅಪ್ರಾಪ್ತನ ಸಾಲಕ್ಕೆ ಪೋಷಕರೇ ಹೊಣೆ. ಅವರು ಸಿಟ್ಟಾಗಿ, ಇವನನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿಗೆ ಹತ್ತಿಸಿ ಪೂರ್ವದೇಶಗಳಿಗೆ ಸಾಗಿಸುವ ಏರ್ಪಾಡು ಮಾಡಿದರು; ಹಿಡಿದು ತರಲು ಬಂಧನದ ಆಜ್ಞೆಯನ್ನೂ ಪಡೆದರು. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯ ಕೋಟೆಯನ್ನು ಕಸಿದುಕೊಂಡು ನಮ್ಮ ಪಶ್ಚಿಮ ಕರಾವಳಿಯಲ್ಲಿ ಕರಿಮೆಣಸಿನ ವ್ಯಾಪಾರ ನಡೆಸುತ್ತಿದ್ದದ್ದು ಇದೇ ಕಂಪನಿ. ಅದರ ನೌಕರಿಗೆ ಹೋದ ಎಷ್ಟೋ ಮಂದಿ ತರುಣರು ಸಮುದ್ರಯಾನದಲ್ಲೋ ಉಷ್ಣವಲಯದ ಜ್ವರದಲ್ಲೋ ತೀರಿಹೋಗುತ್ತಿದ್ದರು. ಆ ಹಡಗನ್ನು ಅವನು ಹತ್ತಿದ್ದರೆ ಜ್ವರವನ್ನು ಅಳೆಯುವ ಸಾಧನ ಬೇರೊಬ್ಬನ ಹೆಸರಿನಲ್ಲಿ ಬರಬೇಕಾಗುತ್ತಿತ್ತೋ ಏನೋ.

ಸಾಲ ಕೊಡುವವರ ಕಡೆಯ ಮೇಜಿನಲ್ಲಿ ಕುಳಿತು ನೋಡಿದರೆ ಪೋಷಕರ ನಡವಳಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದಾಯವಿಲ್ಲದ ಹುಡುಗ, ಯಾವ ಆಧಾರವೂ ಇಲ್ಲದ ಉದ್ಯಮ, ಬೆಳೆಯುತ್ತಿರುವ ಬಾಕಿ. ಯಾವ ಶಾಖೆಯ ವ್ಯವಸ್ಥಾಪಕನೂ ಆ ಕಡತದ ಮೇಲೆ ಒಳ್ಳೆಯ ಅಭಿಪ್ರಾಯ ಬರೆಯಲಾರನು. ಹುಡುಗ ಮಾತ್ರ ಯಾರ ಅಭಿಪ್ರಾಯಕ್ಕೂ ಕಾಯಲಿಲ್ಲ. 1707ರಿಂದ ಊರಿಂದೂರಿಗೆ ಅಲೆಯತೊಡಗಿದನು. ಬರ್ಲಿನ್, ಹಾಲೆ, ಲೈಪ್‌ಜಿಗ್, ಡ್ರೆಸ್ಡೆನ್, ಕೋಪನ್‌ಹೇಗನ್ ಎಲ್ಲವನ್ನೂ ಸುತ್ತಿದನು. ಹೋದಲ್ಲೆಲ್ಲ ಗಾಜು ಊದುವವರನ್ನೂ ವಿದ್ವಾಂಸರನ್ನೂ ಕಂಡು ಕೆಲಸ ಕಲಿತನು. 24 ವರ್ಷ ತುಂಬಿ ಕಾನೂನಿನ ಪ್ರಕಾರ ಪ್ರಾಪ್ತವಯಸ್ಕನಾದ ಮೇಲೆಯೇ ಡಾನ್‌ಜಿಗ್‌ಗೆ ಮರಳಿ ಆಸ್ತಿಯ ವ್ಯವಹಾರವನ್ನು ಇತ್ಯರ್ಥಪಡಿಸಿಕೊಂಡನು.

ಈ ಅಲೆದಾಟದ ಫಲವನ್ನು ತಿಳಿಯಬೇಕಾದರೆ ಆಗ ತಾಪವನ್ನು ಅಳೆಯುವ ವಿದ್ಯೆ ಎಲ್ಲಿತ್ತೆಂಬುದನ್ನು ನೋಡಬೇಕು. ಗೆಲಿಲಿಯೋನ ಕಾಲದ ಸಾಧನಗಳು ಗಾಳಿಗೆ ತೆರೆದುಕೊಂಡಿದ್ದವು; ತಾಪದೊಡನೆ ವಾಯುಭಾರ ಬದಲಾದರೂ ಅವುಗಳ ದ್ರವ ಏರಿಳಿಯುತ್ತಿತ್ತು. 1650ರ ದಶಕದ ಹೊತ್ತಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಮದ್ಯಸಾರವನ್ನು ತುಂಬಿ ಬಾಯಿ ಮುಚ್ಚಿದ ಗಾಜಿನ ನಳಿಕೆಗಳು ಬಂದವು. ಅವು ನೋಡಲು ಸುಂದರ, ಕೆಲಸದಲ್ಲೂ ಚೊಕ್ಕ. ಆದರೆ ಯುರೋಪಿನ ಉದ್ದಗಲಕ್ಕೂ ಒಪ್ಪಿತವಾದ ಒಂದು ಮಾನ ಹುಟ್ಟಲಿಲ್ಲ. ಒಬ್ಬೊಬ್ಬ ತಯಾರಕನಿಗೆ ಒಂದೊಂದು ಪಟ್ಟಿ. ಪ್ಯಾರಿಸ್ಸಿನ ವಿದ್ವಾಂಸನು ಇಂದು ಇಷ್ಟು ಚಳಿ ಎಂದು ಬರೆದರೆ ಲಂಡನ್ನಿನವನಿಗೆ ಅದು ಎಷ್ಟೆಂದು ತಿಳಿಯುವ ದಾರಿಯಿರಲಿಲ್ಲ. ಪ್ರತಿಯೊಂದು ಸಂತೆಯಲ್ಲೂ ಬೇರೆ ಸೇರು, ಬೇರೆ ಮೊಳ ಇದ್ದ ನಮ್ಮ ಹಿಂದಿನ ಕಾಲವನ್ನು ನೆನೆದರೆ ಆ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ.

1708ರಲ್ಲಿ ಫ್ಯಾರನ್‌ಹೀಟ್ ಕೋಪನ್‌ಹೇಗನ್‌ನಲ್ಲಿ ಓಲೆ ರೋಮರ್‌ನನ್ನು ಕಂಡನು. ಬೆಳಕಿಗೂ ಒಂದು ನಿಶ್ಚಿತ ವೇಗವಿದೆಯೆಂದು 1676ರಲ್ಲಿ ಗುರುಗ್ರಹದ ಚಂದ್ರನ ಗ್ರಹಣಗಳಿಂದ ತೋರಿಸಿಕೊಟ್ಟ ಖಗೋಳಜ್ಞ ಇವನೇ. ಆಗ ನಗರದ ಆಡಳಿತದಲ್ಲೂ ಉನ್ನತ ಸ್ಥಾನದಲ್ಲಿದ್ದನು. ಉಷ್ಣತಾಮಾಪಕಗಳನ್ನು ಮೊದಲು ಕರಗುವ ಮಂಜುಗಡ್ಡೆಯ ನೀರಿನಲ್ಲಿ, ಬಳಿಕ ರಕ್ತದಷ್ಟು ಬೆಚ್ಚಗಿರುವ ನೀರಿನಲ್ಲಿ ಇರಿಸಿ ಗುರುತು ಹಾಕುವ ರೋಮರ್‌ನ ಕ್ರಮವನ್ನು ತರುಣನು ಕಣ್ಣಾರೆ ಕಂಡನು. ಎಲ್ಲಿಯೂ ಮತ್ತೆ ಸೃಷ್ಟಿಸಬಹುದಾದ ಎರಡು ಸ್ಥಿರ ಬಿಂದುಗಳಿದ್ದರೆ ಎಲ್ಲ ಊರಿನ ಮಾಪಕಗಳನ್ನೂ ಒಂದೇ ಸೂತ್ರಕ್ಕೆ ಕಟ್ಟಬಹುದೆಂಬ ತತ್ತ್ವ ಅದರಲ್ಲಿತ್ತು. ಈ ಋಣವನ್ನು ಫ್ಯಾರನ್‌ಹೀಟ್ ಅಚ್ಚಿನಲ್ಲಿ ಹೇಳಲಿಲ್ಲ. ಲೈಡನ್ನಿನ ವೈದ್ಯಪಂಡಿತ ಹರ್ಮನ್ ಬೋರ್‌ಹಾವೆಗೆ ಬರೆದ ಪತ್ರದಲ್ಲಿ ಮಾತ್ರ ವಿವರವಾಗಿ ಒಪ್ಪಿಕೊಂಡಿದ್ದಾನೆ.

ಇಲ್ಲಿಯೇ 32ರ ಗುಟ್ಟೂ ಇದೆ. ರೋಮರ್‌ನ ಪಟ್ಟಿಯಲ್ಲಿ ಮಂಜುಗಡ್ಡೆಗೆ ಏಳೂವರೆ, ರಕ್ತದ ಬಿಸಿಗೆ ಇಪ್ಪತ್ತೆರಡೂವರೆ. ಈ ಅರೆಗಳ ಕಾಟ ಬೇಡವೆಂದು ಫ್ಯಾರನ್‌ಹೀಟ್ ಅವನ್ನು 8 ಮತ್ತು 24 ಮಾಡಿಕೊಂಡನು. ಆ ಡಿಗ್ರಿಗಳು ತೀರ ಅಗಲವೆನಿಸಿ ಒಂದೊಂದನ್ನೂ ನಾಲ್ಕಾಗಿ ಒಡೆದನು. ಹೀಗೆ 32 ಮತ್ತು 96 ಬಂದವು. ಎರಡರ ನಡುವಿನ ಅಂತರ 64. ಗಾಜಿನ ಮೇಲೆ ಗುರುತು ಹಾಕುವವನು ಆ ಅಂತರವನ್ನು ಆರು ಸಲ ಅರ್ಧಿಸಿದರೆ ಒಂದೊಂದು ಡಿಗ್ರಿ ತಾನಾಗಿ ದೊರೆಯುತ್ತದೆ. ಹತ್ತು ಭಾಗ ಮಾಡುವುದಕ್ಕಿಂತ ಅರ್ಧ ಮಾಡುವುದು ಕೈಗೆ ಸುಲಭ. ನಮ್ಮ ಹಿರಿಯರು ರೂಪಾಯಿಯನ್ನು ಎಂಟಾಣೆ, ನಾಲ್ಕಾಣೆ, ಎರಡಾಣೆ ಎಂದು ಒಡೆದದ್ದೂ ಇದೇ ಜಾಣ್ಮೆಯಿಂದ. ಸೊನ್ನೆಯ ಸ್ಥಾನಕ್ಕೆ ಮಂಜುಗಡ್ಡೆ, ನೀರು ಮತ್ತು ನವಸಾಗರ ಅಥವಾ ಉಪ್ಪಿನ ಮಿಶ್ರಣದ ಚಳಿಯನ್ನು ಆರಿಸಿಕೊಂಡನು. ಸಾಮಾನ್ಯ ಚಳಿಗಾಲದ ದಿನಗಳಲ್ಲಿ ಸೊನ್ನೆಗಿಂತ ಕೆಳಗಿನ ಅಂಕಿಗಳನ್ನು ಬರೆಯುವ ತೊಂದರೆ ಇದರಿಂದ ತಪ್ಪಿತು. ಮೂರನೆಯ ಬಿಂದುವಿಗೆ ಆರೋಗ್ಯವಂತನ ಬಾಯಿ ಅಥವಾ ಕಂಕುಳು.

1714ರಲ್ಲಿ ಹಾಲೆ ವಿಶ್ವವಿದ್ಯಾಲಯದ ಪ್ರಸಿದ್ಧ ತತ್ತ್ವಜ್ಞಾನಿ ಕ್ರಿಶ್ಚಿಯನ್ ವೋಲ್ಫ್‌ನಿಗೆ ಫ್ಯಾರನ್‌ಹೀಟ್ ಎರಡು ಮದ್ಯಸಾರದ ಮಾಪಕಗಳನ್ನು ಕೊಟ್ಟನು. ವೋಲ್ಫ್ ಅವುಗಳನ್ನು ಪಕ್ಕಪಕ್ಕದಲ್ಲಿರಿಸಿ ಪರೀಕ್ಷಿಸಿದರೆ ಎರಡೂ ಒಂದೇ ಅಂಕಿಯನ್ನು ತೋರಿಸುತ್ತಿದ್ದವು. ಬೆರಗಾದ ಅವನು ಅದೇ ವರ್ಷ ಲೈಪ್‌ಜಿಗ್‌ನ ವಿದ್ವತ್ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದನು. ಎರಡು ಥರ್ಮಾಮೀಟರುಗಳು ಒಂದಕ್ಕೊಂದು ಹೊಂದಿಕೊಂಡವು ಎನ್ನುವುದೇ ಅಚ್ಚಿಗೆ ಯೋಗ್ಯವಾದ ಸುದ್ದಿಯಾಗಿತ್ತು ಎಂದರೆ ಅಂದಿನ ಸ್ಥಿತಿಯನ್ನು ಊಹಿಸಬಹುದು. ತಯಾರಿಕೆಯ ರಹಸ್ಯವನ್ನು ಮಾತ್ರ ಫ್ಯಾರನ್‌ಹೀಟ್ ಬಿಟ್ಟುಕೊಡಲಿಲ್ಲ. ಅದು ಅವನ ಅನ್ನದ ಪ್ರಶ್ನೆ.

ಮದ್ಯಸಾರಕ್ಕೆ ಒಂದು ಮಿತಿಯಿದೆ. ನೀರು ಕುದಿಯುವ ಮೊದಲೇ ಅದು ಕುದಿಯುತ್ತದೆ. ಫ್ರಾನ್ಸಿನ ಗಿಯೋಮ್ ಅಮಾಂಟಾನ್ಸ್ ಎಂಬ ವಿಜ್ಞಾನಿಯ ಬರಹಗಳನ್ನು ಓದುವಾಗ, ನೀರು ಯಾವಾಗಲೂ ಒಂದೇ ಬಿಸಿಯಲ್ಲಿ ಕುದಿಯುತ್ತದೆಯೆಂಬ ಮಾತು ಫ್ಯಾರನ್‌ಹೀಟ್‌ನ ಕುತೂಹಲವನ್ನು ಕೆರಳಿಸಿತು. ವಾಯುಭಾರಮಾಪಕದಲ್ಲಿನ ಪಾದರಸ ಬಿಸಿಗೆ ಅಲ್ಪಸ್ವಲ್ಪ ಹಿಗ್ಗುತ್ತದೆಂಬ ಅವನದೇ ಸೂಚನೆಯಿಂದ ಪಾದರಸದ ಉಷ್ಣತಾಮಾಪಕದ ಯೋಚನೆ ಬಂದಿತು. ಪಾದರಸ ಗಾಜಿಗೆ ಅಂಟಿಕೊಳ್ಳದೆ, ಬೇಗನೆ ಬಿಸಿಯನ್ನು ಹೀರಿ, ತೀರ ಚಳಿಯಿಂದ ಹಿಡಿದು ನೀರಿನ ಕುದಿಬಿಂದುವನ್ನು ಬಹುದೂರ ದಾಟಿದ ಬಿಸಿಯವರೆಗೂ ದ್ರವವಾಗಿಯೇ ಉಳಿಯುತ್ತದೆ. ಆದರೆ ಕೊಳೆಯಿದ್ದ ಪಾದರಸ ಕೂದಲಿನಷ್ಟು ಸಣ್ಣ ನಳಿಕೆಯಲ್ಲಿ ತಡೆತಡೆದು ಏರುತ್ತದೆ. ಅದನ್ನು ಶುದ್ಧಿ ಮಾಡುವ ವಿಧಾನವನ್ನೂ, ಉದ್ದಕ್ಕೂ ಒಂದೇ ಅಗಲವಿರುವ ನಳಿಕೆಯನ್ನು ಆಯ್ದುಕೊಳ್ಳುವ ಕೌಶಲವನ್ನೂ ಅವನು ಸಾಧಿಸಿದನು. ತುದಿಯ ದುಂಡನೆಯ ಬುರುಡೆಯನ್ನು ಉರುಳೆಯಾಕಾರಕ್ಕೆ ಬದಲಿಸಿದನು. ಒಂದು ಪೀಳಿಗೆಯ ಹಿಂದಿನವರೆಗೂ ನಾವು ಜಾಡಿಸಿ ಬಾಯಲ್ಲಿಟ್ಟುಕೊಳ್ಳುತ್ತಿದ್ದ ಗಾಜಿನ ಕಡ್ಡಿಯ ಪೂರ್ವಜ ಇದೇ.

1717ರ ಸುಮಾರಿಗೆ ಆಮ್‌ಸ್ಟರ್‌ಡಾಮಿನಲ್ಲಿ ನೆಲೆನಿಂತನು. ಯಾವ ಊರಿನಲ್ಲಿ ತಲೆಮರೆಸಿಕೊಳ್ಳಬೇಕಾಗಿತ್ತೋ ಅದೇ ಊರಿನಲ್ಲಿ ಉಪಕರಣ ತಯಾರಕನೆಂಬ ಹೆಸರು ಗಳಿಸಿದನು. 1718ರಿಂದ ರಸಾಯನಶಾಸ್ತ್ರದ ಉಪನ್ಯಾಸಗಳನ್ನೂ ಕೊಡತೊಡಗಿದನು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಅವಕಾಶ ಸಿಕ್ಕದವನ ಮುಂದೆ ಕಲಿಯಲು ಜನ ಬಂದು ಕೂಡುತ್ತಿದ್ದರು. ಬೋರ್‌ಹಾವೆಯಂಥ ಯುರೋಪ್‌ಖ್ಯಾತ ಪಂಡಿತನು ಅವನ ಗಿರಾಕಿ. ಒಮ್ಮೆ ಅವನಿಗಾಗಿ ಮದ್ಯಸಾರದ್ದೊಂದು, ಪಾದರಸದ್ದೊಂದು ಮಾಪಕವನ್ನು ತಯಾರಿಸಿಕೊಟ್ಟಾಗ ಎರಡೂ ಪೂರ್ತಿಯಾಗಿ ತಾಳೆಯಾಗುವುದಿಲ್ಲವೆಂದು ಬೋರ್‌ಹಾವೆ ಗಮನಿಸಿದನು. ತಾಳೆಯಾಗುವುದನ್ನೇ ಬದುಕಿನ ಕಸುಬಾಗಿಸಿಕೊಂಡವನಿಗೆ ಅದು ಎಂತಹ ಮಾತಾಗಿರಬೇಕು! ಎರಡಕ್ಕೂ ಬಳಸಿದ ಗಾಜಿನ ಬಗೆ ಬೇರೆಯಾದುದೇ ಕಾರಣವೆಂದು ಫ್ಯಾರನ್‌ಹೀಟ್ ಭಾವಿಸಿದನು. ಗಾಜಿನ ಪಾತ್ರವೂ ಇದ್ದೀತು; ಆದರೆ ಮೂಲ ಕಾರಣ ಬೇರೆ. ಮದ್ಯಸಾರವೂ ಪಾದರಸವೂ ಬಿಸಿಗೆ ಒಂದೇ ಹದದಲ್ಲಿ ಹಿಗ್ಗುವುದಿಲ್ಲ. ಎರಡು ತುದಿಗಳಲ್ಲಿ ಹೊಂದಿಸಿದರೂ ನಡುವಿನಲ್ಲಿ ಅವು ಸ್ವಲ್ಪ ಬೇರೆಯಾಗುತ್ತವೆ. ಯಾವ ವಸ್ತುವನ್ನೂ ಅವಲಂಬಿಸದ ತಾಪದ ಮಾನವನ್ನು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, 1848ರಲ್ಲಿ ಮುಂದಿಡುವವರೆಗೂ ಈ ತೊಡಕಿಗೆ ಪರಿಹಾರವಿರಲಿಲ್ಲ.

1724 ಅವನ ಬಾಳಿನ ಗೌರವದ ವರ್ಷ. ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಅದರ ಪತ್ರಿಕೆಯಲ್ಲಿ ಲ್ಯಾಟಿನ್ ಭಾಷೆಯ ಅವನ ಐದು ಲೇಖನಗಳು ಪ್ರಕಟವಾದವು. ಅವನು ಅಚ್ಚಿಗೆ ಕೊಟ್ಟ ವಿಜ್ಞಾನ ಬರಹ ಹೆಚ್ಚುಕಡಮೆ ಇಷ್ಟೇ. ಅದರಲ್ಲೊಂದು 1721ರ ಚಳಿಗಾಲದ ಪ್ರಯೋಗ. ಮಳೆನೀರನ್ನು ಅರ್ಧ ತುಂಬಿ, ಗಾಳಿಯನ್ನು ಹೊರತೆಗೆದು ಮುಚ್ಚಿದ ಗಾಜಿನ ಗೋಳವನ್ನು ಅವನು 15 ಡಿಗ್ರಿಯ ಚಳಿಯಲ್ಲಿ ರಾತ್ರಿಯಿಡೀ ಇರಿಸಿದನು. ಮುಂಜಾನೆ ಐದು ಗಂಟೆಗೆ ಎದ್ದು ನೋಡಿದರೆ ನೀರು ಇನ್ನೂ ನೀರಾಗಿಯೇ ಇತ್ತು. ಗೋಳದ ತುದಿಯನ್ನು ಮುರಿದ ಕೂಡಲೆ ನೀರಿನ ತುಂಬ ಮಂಜಿನ ಹಳಕುಗಳು ಮೂಡಿದವು. ಇನ್ನೊಮ್ಮೆ ಅಂತಹ ಗೋಳವನ್ನು ಹಿಡಿದು ಹೋಗುವಾಗ ಮೆಟ್ಟಿಲಲ್ಲಿ ಎಡವಿದನು. ಆ ಕುಲುಕಾಟಕ್ಕೇ ನೀರು ಮಂಜಾಯಿತು. ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗೂ ನೀರು ದ್ರವವಾಗಿ ಉಳಿಯಬಲ್ಲದೆಂಬುದು ಹೀಗೆ ದಾಖಲಾಯಿತು. ನೀರಿನ ಕುದಿಬಿಂದು ವಾಯುಭಾರದೊಡನೆ ಏರಿಳಿಯುತ್ತದೆಂದೂ ಅವನೇ ತೋರಿಸಿದನು. ಗಿರಿಧಾಮಕ್ಕೆ ಹೋದಾಗ ಬೇಳೆ ಬೇಗ ಬೇಯದೆ ಗೃಹಿಣಿಯರು ಪರದಾಡುವುದಕ್ಕೂ, ಕುಕ್ಕರಿನಲ್ಲಿ ಅದೇ ಬೇಳೆ ಬೇಗ ಮೆತ್ತಗಾಗುವುದಕ್ಕೂ ಕಾರಣ ಅದೇ.

ಮದುವೆಯಾಗಲಿಲ್ಲ. ಸಂಪಾದನೆಯೂ ನಿಲ್ಲಲಿಲ್ಲ. 1736ರಲ್ಲಿ ನೀರನ್ನು ಮೇಲೆತ್ತುವ ಒಂದು ಯಂತ್ರಕ್ಕೆ ಹಕ್ಕುಪತ್ರ ಪಡೆಯಲೆಂದು ಹೇಗ್ ನಗರಕ್ಕೆ ಹೋದನು. ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲವನ್ನು ಉಳಿಸಿಕೊಳ್ಳಬೇಕಾದ ಹಾಲೆಂಡಿನಲ್ಲಿ ಅಂತಹ ಯಂತ್ರ ಕೈಗೂಡಿದ್ದರೆ ಅವನ ಕಷ್ಟಗಳು ತೀರುತ್ತಿದ್ದವು. ಅಲ್ಲಿಯೇ ಕಾಯಿಲೆ ಬಿದ್ದು, ಉಯಿಲು ಬರೆಸಿ, ಸೆಪ್ಟೆಂಬರ್ 16ರಂದು 50ನೆಯ ವಯಸ್ಸಿನಲ್ಲಿ ತೀರಿಕೊಂಡನು. ಕ್ಲೋಸ್ಟರ್‌ಕೆರ್ಕ್ ಎಂಬ ಚರ್ಚಿನಲ್ಲಿ ಬಡವರಿಗೆ ಸಲ್ಲುವ ನಾಲ್ಕನೆಯ ದರ್ಜೆಯ ಅಂತ್ಯಸಂಸ್ಕಾರ ನಡೆಯಿತು.

ಅವನ ಬಳಿಕ ಅವನ ಮಾನ ಸ್ವಲ್ಪ ತಿದ್ದುಪಡಿಯಾಯಿತು. ನೀರಿನ ಕುದಿಬಿಂದು ಸರಿಯಾಗಿ 212 ಎಂದೂ, ಹೆಪ್ಪುಬಿಂದು 32 ಎಂದೂ ಕಟ್ಟುಹಾಕಿದರು. ದೇಹದ ಬಿಸಿಯ 96 ಪಕ್ಕಕ್ಕೆ ಸರಿಯಿತು. ನಮಗೆಲ್ಲ ಬಾಯಿಪಾಠವಾದ 98.6ರ ಕಥೆ ಇನ್ನೂ ಸ್ವಾರಸ್ಯದ್ದು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ ಅಸಂಖ್ಯ ರೋಗಿಗಳ ಜ್ವರವನ್ನು ಅಳೆದು 1868ರ ತನ್ನ ಗ್ರಂಥದಲ್ಲಿ ಸಹಜ ತಾಪವೆಂದರೆ 37 ಡಿಗ್ರಿ ಸೆಲ್ಸಿಯಸ್ ಎಂದನು. ಅದು ಒಂದು ಪೂರ್ಣಾಂಕದ ಅಂದಾಜು. ಫ್ಯಾರನ್‌ಹೀಟಿಗೆ ಪರಿವರ್ತಿಸಿದಾಗ 98.6 ಆಗಿ, ದಶಮಾಂಶ ಬಿಂದುವಿನ ಠೀವಿಯಿಂದ ಮಹಾ ನಿಖರವೆನ್ನಿಸಿಬಿಟ್ಟಿತು. ಆರೋಗ್ಯವಂತರ ಮೈ ದಿನದ ಹೊತ್ತು, ವಯಸ್ಸುಗಳಿಗೆ ತಕ್ಕಂತೆ ಅದರ ಆಚೀಚೆ ಇರುವುದು ಸಹಜ, 98.9 ಕಂಡೊಡನೆ ಗಾಬರಿ ಬೀಳಬೇಕಾಗಿಲ್ಲ.

ಪ್ರತಿಸ್ಪರ್ಧಿಯಾದ ಸೆಲ್ಸಿಯಸ್ ಮಾನ ಹುಟ್ಟಿದ್ದು ಸ್ವೀಡನ್ನಿನ ಉಪ್ಸಾಲದಲ್ಲಿ. ಅಲ್ಲಿನ ಖಗೋಳಜ್ಞ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಹೆಪ್ಪುಬಿಂದುವಿಗೂ ಕುದಿಬಿಂದುವಿಗೂ ನಡುವೆ ನೂರು ಭಾಗ ಮಾಡಿದನು. ಆದರೆ ಕುದಿಯುವ ನೀರಿಗೆ ಸೊನ್ನೆ, ಮಂಜುಗಡ್ಡೆಗೆ 100 ಎಂದು ಬರೆದಿದ್ದನು! 1744ರಲ್ಲಿ ಅವನು ತೀರಿಕೊಂಡ ಸ್ವಲ್ಪದರಲ್ಲೇ ಪಟ್ಟಿಯನ್ನು ತಲೆಕೆಳಗು ಮಾಡಲಾಯಿತು. ನಮ್ಮ ದೇಶದಲ್ಲಿ 1956ರ ಅಳತೆ-ತೂಕಗಳ ಕಾಯಿದೆ, 1957ರ ನಯಾಪೈಸೆಗಳ ಕಾಲದ ದಶಮಾಂಶದ ಅಲೆಯಲ್ಲಿ ಹವಾಮಾನದ ಲೆಕ್ಕವೂ ಸೆಲ್ಸಿಯಸ್ ಕಡೆಗೆ ಹೊರಳಿತು. ಜ್ವರ ಮಾತ್ರ ಹೊರಳಲಿಲ್ಲ.

ಎರಡರ ನಡುವಿನ ಪರಿವರ್ತನೆಯನ್ನು ನಮ್ಮ ಕಸುಬಿನ ಮಾತಿನಲ್ಲಿ ಹೀಗೆ ಹೇಳಬಹುದು: ಅಲ್ಲಿ ಒಂದು ವಿನಿಮಯ ದರವಿದೆ, ಒಂದು ಆರಂಭಿಕ ಶಿಲ್ಕಿದೆ. ಹೆಪ್ಪುಬಿಂದುವಿನಿಂದ ಕುದಿಬಿಂದುವಿಗೆ ಒಂದರಲ್ಲಿ 100 ಹೆಜ್ಜೆ, ಇನ್ನೊಂದರಲ್ಲಿ 180. ಆದ್ದರಿಂದ ದರ ಐದಕ್ಕೆ ಒಂಬತ್ತು. ಡಾಲರಿನಂತೆ ದಿನಕ್ಕೊಂದು ದರವಿಲ್ಲ ಎಂಬುದೇ ಸಮಾಧಾನ. ಶಿಲ್ಕು 32. ಸೆಲ್ಸಿಯಸ್ ಅಂಕಿಯನ್ನು ಎರಡರಿಂದ ಗುಣಿಸಿ, ಬಂದುದರ ಹತ್ತನೆಯ ಒಂದು ಭಾಗವನ್ನು ಕಳೆದು, 32 ಕೂಡಿಸಿದರೆ ಬಾಯಿಲೆಕ್ಕದಲ್ಲೇ ಉತ್ತರ ದೊರೆಯುತ್ತದೆ. 30ಕ್ಕೆ 60, ಅದರಿಂದ 6 ಕಳೆದರೆ 54, 32 ಕೂಡಿಸಿದರೆ 86. ಸೊನ್ನೆಗಿಂತ 40 ಕೆಳಗೆ ಎರಡು ಮಾನಗಳೂ ಒಂದೇ ಅಂಕಿಯಲ್ಲಿ ಸೇರುತ್ತವೆ. ಜನ ಎಡವುವುದು ವ್ಯತ್ಯಾಸವನ್ನು ಪರಿವರ್ತಿಸುವಾಗ. ಭೂಮಿಯ ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಶ್ರಮಿಸಬೇಕೆಂದು 2015ರ ಪ್ಯಾರಿಸ್ ಒಪ್ಪಂದದಲ್ಲಿದೆ. ಅದು ಫ್ಯಾರನ್‌ಹೀಟಿನಲ್ಲಿ 34.7 ಅಲ್ಲ, 2.7 ಮಾತ್ರ. ಏರಿಕೆಗೆ ದರ ಅನ್ವಯಿಸುತ್ತದೆ, ಆರಂಭಿಕ ಶಿಲ್ಕನ್ನು ಮತ್ತೆ ಕೂಡಿಸಬಾರದು.

ಪಾದರಸ ವಿಷವೆಂಬ ಕಾರಣಕ್ಕೆ ಗಾಜಿನ ಕಡ್ಡಿಗಳು ನಮ್ಮ ಆಸ್ಪತ್ರೆ, ಮನೆಗಳಿಂದ ಮರೆಯಾಗುತ್ತ ಬಂದಿವೆ. ಅವುಗಳ ಜಾಗಕ್ಕೆ ಬಂದ ವಿದ್ಯುನ್ಮಾನ ಸಾಧನಗಳು ಹಲವೆಡೆ ಎರಡೂ ಮಾನಗಳಲ್ಲಿ ಅಂಕಿಯನ್ನು ತೋರಿಸುತ್ತವೆ. ನಮ್ಮ ಮನೆಗಳಲ್ಲಿ ಇನ್ನೂ ಫ್ಯಾರನ್‌ಹೀಟನ್ನೇ ಓದುತ್ತೇವೆ. ಅವನ ಕೈಯಿಂದಲೇ ತಯಾರಾದ ಮಾಪಕಗಳು ಬೆರಳೆಣಿಕೆಯಷ್ಟು ಉಳಿದಿವೆ. ಬೋರ್‌ಹಾವೆಯ ಹೆಸರಿನ ಲೈಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕೆಲವನ್ನು ನೋಡಬಹುದು. ಖಾಸಗಿಯವರ ಬಳಿ ಇದ್ದ ಒಂದು 2012ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದು 67 ಸಾವಿರ ಪೌಂಡ್‌ಗೂ ಹೆಚ್ಚಿನ ಬೆಲೆಗೆ ಹೋಯಿತು.